ಮನೋವೈಜ್ಞಾನಿಕ ಪರೀಕ್ಷೆಗಳನ್ನು ಎಷ್ಟು ನಂಬಬಹುದು? ಪದೇ ಪದೇ ಕೇಳುವ ಪ್ರಶ್ನೆಗಳು

“ಮಗುವಿಗೆ ಒಂದು ಸೈಕಾಲಜಿ ಟೆಸ್ಟ್ ಮಾಡಿಸಿಕೊಂಡು ಬನ್ನಿ” ಎಂದು ಶಾಲೆಯವರು ಹೇಳಿ ಕಳಿಸಿದ ದಿನ ಮನೆಯಲ್ಲಿ ಯಾರಿಗೂ ಊಟ ಸೇರುವುದಿಲ್ಲ. ರಿಪೋರ್ಟ್ ಕೈಗೆ ಬಂದ ಮೇಲೆ ಇನ್ನೂ ಕಷ್ಟ. ಅದರಲ್ಲಿರುವ ಒಂದು ಸಂಖ್ಯೆ ಮಾತ್ರ ಕಣ್ಣಿಗೆ ಬೀಳುತ್ತದೆ, ಉಳಿದ ನಾಲ್ಕು ಪುಟ ಹಾಗೇ ಉಳಿದುಬಿಡುತ್ತವೆ. ಪರೀಕ್ಷಾ ಕೊಠಡಿಯ ಹೊರಗೆ ಬೆಂಚಿನ ಮೇಲೆ ಕಾಯುತ್ತ ಕೂತ ತಂದೆ ತಾಯಿ, ಜೊತೆಗೆ ಬಂದ ಶಿಕ್ಷಕರು, ಬಿ.ಎಡ್ ವಿದ್ಯಾರ್ಥಿಗಳು ನನ್ನನ್ನು ಕೇಳುತ್ತ ಬಂದ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ಪರೀಕ್ಷೆ ಅಂದರೆ ಇದರಲ್ಲೂ ಪಾಸು, ಫೇಲು ಇದೆಯೇ?

ಇಲ್ಲ. ಮನೋವೈಜ್ಞಾನಿಕ ಪರೀಕ್ಷೆ ಅಂದರೆ ಒಬ್ಬ ವ್ಯಕ್ತಿಯ ನಡವಳಿಕೆಯ ಒಂದು ಮಾದರಿಯನ್ನು, ಎಲ್ಲರಿಗೂ ಒಂದೇ ರೀತಿಯ ಸೂಚನೆ ಕೊಟ್ಟು, ಒಂದೇ ರೀತಿಯಲ್ಲಿ ಅಂಕ ಹಾಕಿ ನೋಡುವುದು. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಚುಕಿದರೆ ಸಾಕು, ಏಕೆಂದರೆ ಪಾತ್ರೆಯ ತುಂಬ ಒಂದೇ ಅಕ್ಕಿ, ಒಂದೇ ನೀರು, ಒಂದೇ ಉರಿ. ಮನಸ್ಸು ಹಾಗಿಲ್ಲ. ಲೆಕ್ಕದಲ್ಲಿ ಚುರುಕಾದ ಹುಡುಗಿ ಕೇಳಿದ್ದನ್ನು ನೆನಪಿಟ್ಟುಕೊಳ್ಳುವುದರಲ್ಲಿ ಹಿಂದಿರಬಹುದು. ಅದಕ್ಕೇ ಒಳ್ಳೆಯ ಪರೀಕ್ಷೆ ಬೇರೆ ಬೇರೆ ಮೂಲೆಗಳಿಂದ ಹತ್ತಾರು ಅಗುಳು ತೆಗೆದು ನೋಡುತ್ತದೆ. ಐದು ಪ್ರಶ್ನೆ ಕೇಳಿ “ನಿಮ್ಮ ಬುದ್ಧಿಮತ್ತೆ ಇಷ್ಟು” ಎಂದು ಹೇಳುವ ಮೊಬೈಲ್ ಕ್ವಿಜ್ ಇಲ್ಲೇ ಸೋತುಹೋಗುತ್ತದೆ.

ಬುದ್ಧಿಶಕ್ತಿಗೆ ಒಂದು ಬಗೆಯ ಪರೀಕ್ಷೆಗಳಿವೆ, ನೆನಪು ಮತ್ತು ಗಮನಕ್ಕೆ ಇನ್ನೊಂದು ಬಗೆ, ವ್ಯಕ್ತಿತ್ವಕ್ಕೆ ಮತ್ತೊಂದು. ಖಿನ್ನತೆ, ಆತಂಕಗಳ ಲಕ್ಷಣ ಎಣಿಸುವ ಚಿಕ್ಕ ಪ್ರಶ್ನಾವಳಿಗಳು ಬೇರೆ.

ಇದನ್ನೆಲ್ಲ ಶುರು ಮಾಡಿದವರು ಯಾರು? ನಮ್ಮ ಕಡೆಗೆ ಯಾವಾಗ ಬಂತು?

ಇಂದಿನ ಅರ್ಥದ ಬುದ್ಧಿಪರೀಕ್ಷೆ 1905ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿತು. ಸಾಮಾನ್ಯ ತರಗತಿಯ ಪಾಠ ಯಾವ ಮಕ್ಕಳಿಗೆ ಸಾಲುವುದಿಲ್ಲ, ಯಾರಿಗೆ ಹೆಚ್ಚಿನ ನೆರವು ಬೇಕು ಎಂದು ಗುರುತಿಸಲು ಆಲ್ಫ್ರೆಡ್ ಬಿನೆ ಮತ್ತು ಥಿಯೊಡೋರ್ ಸೀಮೊನ್ 30 ಚಿಕ್ಕ ಕೆಲಸಗಳ ಒಂದು ಮಾಪನ ಮಾಡಿದರು. ಸುಲಭದಿಂದ ಕಷ್ಟಕ್ಕೆ ಏರುತ್ತ ಹೋಗುವ ಕೆಲಸಗಳು. ನೆರವು ಕೊಡಲು ಹುಟ್ಟಿದ ಪರೀಕ್ಷೆ ಅದು. ಮಗುವಿನ ಬುದ್ಧಿ ಇಷ್ಟೇ, ಇನ್ನು ಬೆಳೆಯದು ಎನ್ನುವವರನ್ನು ಬಿನೆ ಸ್ಪಷ್ಟವಾಗಿ ವಿರೋಧಿಸಿದ್ದರು. ಅವರು ತೀರಿಕೊಂಡದ್ದು 1911ರಲ್ಲಿ. ಮರುವರ್ಷ ವಿಲಿಯಂ ಸ್ಟರ್ನ್ ಮಾನಸಿಕ ವಯಸ್ಸನ್ನು, ಅಂದರೆ ಮಗು ಯಾವ ವಯಸ್ಸಿನವರ ಮಟ್ಟದ ಕೆಲಸ ಮಾಡಬಲ್ಲದು ಎಂಬುದನ್ನು, ನಿಜ ವಯಸ್ಸಿನಿಂದ ಭಾಗಿಸುವ ಲೆಕ್ಕ ತಂದರು, 1916ರಲ್ಲಿ ಅಮೆರಿಕದ ಲೂಯಿಸ್ ಟರ್ಮನ್ ಅದನ್ನು ಐಕ್ಯೂ ಎಂದು ಮನೆಮಾತು ಮಾಡಿದರು. ಬಿನೆಯ ಎಚ್ಚರಿಕೆ ಹಿಂದೆ ಉಳಿಯಿತು, ಸಂಖ್ಯೆ ಮುಂದೆ ಹೋಯಿತು. ಇದು ನನಗೆ ಇಂದಿಗೂ ನೋವಿನ ಸಂಗತಿ.

ನಮ್ಮ ನಾಡಿಗೆ ಇದು ಬಂದು ಬಹಳ ಕಾಲವಾಗಿದೆ. ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲೇ ಮನೋವಿಜ್ಞಾನ ವಿಭಾಗ ಶುರುವಾಯಿತು. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿ ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಬಳಿ ಕಲಿತು ಬಂದವರು. ಎರಡು ಅಳತೆಗಳು ಎಷ್ಟು ಒಟ್ಟಿಗೆ ಏರಿಳಿಯುತ್ತವೆ ಎಂಬ ಲೆಕ್ಕವನ್ನು ಪರೀಕ್ಷೆಗಳ ಬೆನ್ನೆಲುಬಾಗಿಸಿದವರು ಈ ಸ್ಪಿಯರ್‌ಮನ್. ಮೈಸೂರಿನ ತಮ್ಮ ಮನೆಯಲ್ಲಿ 1935ರಲ್ಲಿ ರೇಡಿಯೊ ಕೇಂದ್ರ ನಡೆಸಿ ‘ಆಕಾಶವಾಣಿ’ ಎಂಬ ಹೆಸರನ್ನು ಬಳಕೆಗೆ ತಂದವರೂ ಇದೇ ಗೋಪಾಲಸ್ವಾಮಿ. ಅತ್ತ 1930ರ ದಶಕದಲ್ಲಿ ವಿ.ವಿ. ಕಾಮತ್ ಬಿನೆ ಮಾಪನವನ್ನು ಮರಾಠಿ ಮತ್ತು ಕನ್ನಡ ಮಕ್ಕಳಿಗೆ ಹೊಂದಿಸಿದರು. ಬಾಂಬೆ-ಕರ್ನಾಟಕ ಆವೃತ್ತಿ ಎಂದೇ ಅದಕ್ಕೆ ಹೆಸರು. ಇಂದಿಗೂ ಬಿನೆ-ಕಾಮತ್ ಪರೀಕ್ಷೆ ದೇಶದ ಅನೇಕ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ.

ಮಗನಿಗೆ ಐಕ್ಯೂ 82 ಬಂದಿದೆ. ನೂರಕ್ಕೆ 82 ಅಂದರೆ ಒಳ್ಳೆಯದೇ ಅಲ್ಲವೇ?

ಈ ಪ್ರಶ್ನೆಯನ್ನು ಕೇಳದ ವಾರವಿಲ್ಲ, ಕೇಳುವವರ ತಪ್ಪೂ ಇದರಲ್ಲಿ ಇಲ್ಲ. ಅಂಕಪಟ್ಟಿ ನೋಡಿ ಬೆಳೆದ ನಮಗೆ ಹಾಗೆ ಅನ್ನಿಸುವುದು ಸಹಜ. ಆದರೆ ಐಕ್ಯೂ ಶೇಕಡಾವಾರು ಅಂಕವಲ್ಲ, ಅದು ಹೋಲಿಕೆ. ಪರೀಕ್ಷೆ ತಯಾರಿಸುವಾಗ ಅದೇ ವಯಸ್ಸಿನ ಬಹಳ ಮಕ್ಕಳಿಗೆ ಕೊಟ್ಟು, ಅವರ ಸರಾಸರಿಯನ್ನು 100 ಎಂದು ಇಟ್ಟುಕೊಳ್ಳುತ್ತಾರೆ. ಹರಡಿಕೆಯ ಅಳತೆ, ಅಂದರೆ ಪ್ರಮಾಣ ವಿಚಲನೆ, ಸಾಮಾನ್ಯವಾಗಿ 15. ಆಗ ಮೂರರಲ್ಲಿ ಎರಡು ಪಾಲಿನಷ್ಟು ಮಕ್ಕಳು 85ರಿಂದ 115ರ ಒಳಗೆ ಬರುತ್ತಾರೆ. 70ಕ್ಕಿಂತ ಕೆಳಗೆ ಬರುವವರು ನೂರರಲ್ಲಿ ಎರಡರಷ್ಟು. 82 ಎಂದರೆ ಅದೇ ವಯಸ್ಸಿನ ನೂರು ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೆ ಸುಮಾರು 12 ಮಕ್ಕಳು ಅವನಿಗಿಂತ ಹಿಂದಿರುತ್ತಾರೆ. ಅವನು ಕಲಿಯುತ್ತಾನೆ, ಒಂದಿಷ್ಟು ನಿಧಾನವಾಗಿ, ಕೈಹಿಡಿದು ಹೇಳಿಕೊಟ್ಟರೆ.

ಈ ಹೋಲಿಕೆಯ ಗುಂಪಿಗೆ ನಾರ್ಮ್ಸ್ ಎನ್ನುತ್ತೇವೆ. ಪರೀಕ್ಷೆಯ ಅರ್ಧ ಜೀವ ಅಲ್ಲೇ ಇದೆ. ಯಾರ ಜೊತೆ ಹೋಲಿಸಿದಿರಿ, ಯಾವ ವರ್ಷದ ಮಕ್ಕಳ ಜೊತೆ ಹೋಲಿಸಿದಿರಿ ಎಂದು ಕೇಳದೆ ಸಂಖ್ಯೆಯನ್ನು ಒಪ್ಪಿಕೊಳ್ಳಬೇಡಿ.

ವರ್ಷ ಯಾಕೆ ಮುಖ್ಯ? ಬುದ್ಧಿ ಅಂದೂ ಬುದ್ಧಿಯೇ, ಇಂದೂ ಬುದ್ಧಿಯೇ ಅಲ್ಲವೇ?

ವರ್ಷ ಯಾಕೆ ಮುಖ್ಯ ಎಂದು ಸಂಶೋಧಕ ಜೇಮ್ಸ್ ಫ್ಲಿನ್ 1984ರಲ್ಲಿ ತೋರಿಸಿದರು. 1932ರಿಂದ 1978ರ ನಡುವೆ ಅಮೆರಿಕದವರ ಸರಾಸರಿ ಐಕ್ಯೂ ಸುಮಾರು 14 ಅಂಕ ಏರಿತ್ತು, ದಶಕಕ್ಕೆ ಹೆಚ್ಚುಕಡಿಮೆ 3 ಅಂಕ. ಶಾಲೆ, ಆಹಾರ, ಚಿತ್ರ ಮತ್ತು ಒಗಟುಗಳ ರೂಢಿ, ಹೀಗೆ ಕಾರಣಗಳನ್ನು ಹಲವರು ಹಲವು ಬಗೆಯಲ್ಲಿ ಹೇಳುತ್ತಾರೆ. ಪರಿಣಾಮ ಮಾತ್ರ ನೇರ: ಅಜ್ಜನ ಕಾಲದ ನಾರ್ಮ್ಸ್ ಇಟ್ಟುಕೊಂಡು ಇಂದಿನ ಮಗುವನ್ನು ಅಳೆದರೆ ಅಂಕ ಉಬ್ಬಿ ಬರುವ ಸಾಧ್ಯತೆ ಹೆಚ್ಚು.

ಉಬ್ಬಿದರೆ ಒಳ್ಳೆಯದಲ್ಲವೇ ಎನ್ನಬೇಡಿ. ನಿಜವಾಗಿ ಕಷ್ಟಪಡುತ್ತಿರುವ ಮಗುವಿಗೆ 66 ಬರಬೇಕಾದ ಕಡೆ 74 ಬಂದರೆ ಬೌದ್ಧಿಕ ಅಂಗವೈಕಲ್ಯದ ಪ್ರಮಾಣಪತ್ರ ಕೈತಪ್ಪಬಹುದು. ಅದರ ಜೊತೆಗೇ ಪಿಂಚಣಿ, ಬಸ್ ಪಾಸ್, ಶಾಲೆಯ ರಿಯಾಯಿತಿ ಎಲ್ಲ. ಹಳೆಯ ಪರೀಕ್ಷೆಗಳನ್ನು ಹೊಸ ಮಕ್ಕಳ ಮೇಲೆ ಮತ್ತೆ ಪ್ರಮಾಣೀಕರಿಸುವುದು ದುಬಾರಿ ಕೆಲಸ, ಹೆಸರು ತರುವ ಕೆಲಸವೂ ಅಲ್ಲ. ಆದರೂ ಅದು ಆಗಲೇಬೇಕು, ಕನ್ನಡದಲ್ಲಿ ಮೊದಲು ಆಗಬೇಕು.

ಒಂದು ಕಡೆ 82, ಇನ್ನೊಂದು ಕಡೆ 88. ಯಾವುದು ಸುಳ್ಳು?

ಎರಡೂ ಸುಳ್ಳಲ್ಲದೇ ಇರಬಹುದು. ಬಿ.ಪಿ. ಬೆಳಿಗ್ಗೆ ಒಂದು, ಸಂಜೆ ಒಂದು ಬರುವ ಹಾಗೆ ಇಲ್ಲೂ ಅಲುಗಾಟ ಇದೆ. ಆ ಅಲುಗಾಟ ಎಷ್ಟು ಕಡಿಮೆ ಎಂಬುದೇ ವಿಶ್ವಸನೀಯತೆ. ಇದನ್ನು ಹಲವು ಬಗೆಯಲ್ಲಿ ನೋಡುತ್ತಾರೆ. ಅದೇ ಜನರಿಗೆ ಕೆಲವು ವಾರ ಬಿಟ್ಟು ಮತ್ತೆ ಕೊಡುವುದು ಒಂದು. ಒಂದೇ ಉತ್ತರಪತ್ರಿಕೆಗೆ ಇಬ್ಬರಿಂದ ಅಂಕ ಹಾಕಿಸುವುದು ಇನ್ನೊಂದು. ಪರೀಕ್ಷೆಯ ಪ್ರಶ್ನೆಗಳು ಒಂದಕ್ಕೊಂದು ಹೊಂದಿ ನಡೆಯುತ್ತವೆಯೇ ಎಂದು ಲೆಕ್ಕ ಹಾಕುವುದು ಮೂರನೆಯದು. ಸಂಶೋಧನಾ ಪ್ರಬಂಧಗಳಲ್ಲಿ ಕಾಣುವ ಕ್ರೋನ್‌ಬಾಕ್ ಆಲ್ಫಾ ಈ ಮೂರನೆಯ ಜಾತಿಯದು, ಅದು ಬಂದದ್ದು 1951ರಲ್ಲಿ.

ವಿಶ್ವಸನೀಯತೆಯನ್ನು 0 ಮತ್ತು 1ರ ನಡುವಿನ ಸಂಖ್ಯೆಯಾಗಿ ಹೇಳುತ್ತಾರೆ. ಒಂದು ಪರೀಕ್ಷೆಯದ್ದು 0.91 ಎಂದಿಟ್ಟುಕೊಳ್ಳಿ, ಅದು ಒಳ್ಳೆಯ ಮಟ್ಟವೇ. 1ರಿಂದ 0.91 ಕಳೆದರೆ 0.09, ಅದರ ವರ್ಗಮೂಲ 0.3. ಇದನ್ನು ಮೇಲೆ ಹೇಳಿದ ಪ್ರಮಾಣ ವಿಚಲನೆ 15ರಿಂದ ಗುಣಿಸಿದರೆ 4.5. ಇದು ಅಳತೆಯ ಪ್ರಮಾಣ ದೋಷ. ಎರಡೂ ಕಡೆ ಇದರ ಎರಡರಷ್ಟು ಜಾಗ ಬಿಟ್ಟರೆ 82 ಎಂಬ ಅಂಕದ ಹಿಂದಿನ ನಿಜವಾದ ಮಟ್ಟ 73ರಿಂದ 91ರ ಒಳಗೆ ಎಲ್ಲಾದರೂ ಇರಬಹುದು. ಅಷ್ಟು ಅಗಲದ ಬಯಲಿನಲ್ಲಿ 82 ಮತ್ತು 88 ಅಕ್ಕಪಕ್ಕದ ಮನೆಗಳು. ಒಳ್ಳೆಯ ರಿಪೋರ್ಟಿನಲ್ಲಿ ಈ ವ್ಯಾಪ್ತಿಯನ್ನು ಬರೆದೇ ಇರುತ್ತಾರೆ. ಬರೆದಿರದಿದ್ದರೆ ಕೇಳಿ ಬರೆಸಿಕೊಳ್ಳಿ.

ವಿಶ್ವಸನೀಯತೆ, ಸಿಂಧುತ್ವ: ಎರಡೂ ಒಂದೇ ಅಲ್ಲವೇ? ಬಿ.ಎಡ್‌ನಲ್ಲಿ ಬಾಯಿಪಾಠ ಮಾಡಿದ್ದೆ, ಅರ್ಥವಾಗಲಿಲ್ಲ.

ಊರಿನ ಹಾಲಿನ ಡೇರಿಗೆ ಬೆಳಿಗ್ಗೆ ಆರಕ್ಕೆ ಹೋಗಿ ನಿಲ್ಲಿ. ಕ್ಯಾನಿನ ಹಾಲಿಗೆ ಲ್ಯಾಕ್ಟೋಮೀಟರ್ ಬಿಡುತ್ತಾರೆ. ಅದೇ ಹಾಲಿಗೆ ಹತ್ತು ಸಲ ಬಿಟ್ಟರೂ ಹತ್ತು ಸಲವೂ ಒಂದೇ ಗೆರೆ. ಅಂದರೆ ವಿಶ್ವಸನೀಯ. ಆದರೆ ಆ ಗಾಜಿನ ಕಡ್ಡಿ ಅಳೆಯುವುದು ಹಾಲಿನ ಸಾಂದ್ರತೆಯನ್ನು, ಶುದ್ಧತೆಯನ್ನಲ್ಲ. ನೀರು ಬೆರೆಸಿದರೆ ಸಾಂದ್ರತೆ ಇಳಿಯುತ್ತದೆ, ಕೆನೆ ತೆಗೆದರೆ ಏರುತ್ತದೆ. ಕೆನೆಯನ್ನೂ ತೆಗೆದು ನೀರನ್ನೂ ಬೆರೆಸಿದ ಹಾಲು ಒಳ್ಳೆಯ ಹಾಲಿನ ಗೆರೆಗೇ ಬಂದು ನಿಲ್ಲಬಹುದು. ಅದಕ್ಕೇ ಡೇರಿಯವರು ಫ್ಯಾಟ್ ಬೇರೆ ನೋಡುತ್ತಾರೆ. ‘ಗೆರೆ ಇಲ್ಲಿದೆ, ಆದ್ದರಿಂದ ಹಾಲು ಶುದ್ಧ’ ಎಂಬ ತೀರ್ಮಾನಕ್ಕೆ ಎಷ್ಟು ಆಧಾರ ಇದೆ ಎಂಬ ಪ್ರಶ್ನೆಯೇ ಸಿಂಧುತ್ವ.

ಪರೀಕ್ಷೆಗಳಲ್ಲೂ ಹಾಗೇ. ಗಣಿತ ಸಾಮರ್ಥ್ಯದ ಪರೀಕ್ಷೆಯಲ್ಲಿ ಎಲ್ಲ ಲೆಕ್ಕಗಳೂ ಉದ್ದುದ್ದ ಇಂಗ್ಲಿಷ್ ವಾಕ್ಯಗಳಲ್ಲಿದ್ದರೆ, ಕನ್ನಡ ಮಾಧ್ಯಮದ ಹುಡುಗನಿಗೆ ಎಷ್ಟು ಸಲ ಕೊಟ್ಟರೂ ಕಡಿಮೆಯೇ ಬರುತ್ತದೆ. ಅಂಕದಲ್ಲಿ ಅಲುಗಾಟವೇ ಇಲ್ಲ. ಆದರೆ ಅಳೆದದ್ದು ಅವನ ಇಂಗ್ಲಿಷ್ ಓದನ್ನು. ಸಿಂಧುತ್ವ ಪರೀಕ್ಷೆಯ ಪೆಟ್ಟಿಗೆಯೊಳಗೆ ಕೂತಿರುವ ಗುಣವೂ ಅಲ್ಲ. ಒಂದೇ ಪರೀಕ್ಷೆ ಒಂದು ಕೆಲಸಕ್ಕೆ ಸಿಂಧು, ಇನ್ನೊಂದಕ್ಕೆ ಅಸಿಂಧು. ‘ಇದು ಒಳ್ಳೆಯ ಟೆಸ್ಟಾ?’ ಎಂದು ಕೇಳುವವರಿಗೆ ನಾನು ‘ಯಾರಿಗೆ, ಯಾತಕ್ಕೆ?’ ಎಂದು ತಿರುಗಿ ಕೇಳುವುದು ಇದಕ್ಕೇ.

ಇಂಗ್ಲಿಷ್ ಪರೀಕ್ಷೆಯನ್ನು ಕನ್ನಡಕ್ಕೆ ಅನುವಾದಿಸಿದರೆ ಸಾಕಲ್ಲ?

ಸಾಲುವುದಿಲ್ಲ. ಈ ಪ್ರಶ್ನೆಗೆ ನಾನು ಉಳಿದೆಲ್ಲದಕ್ಕಿಂತ ಹೆಚ್ಚು ಹೊತ್ತು ಕೊಡುತ್ತೇನೆ.

ಖಿನ್ನತೆಯ ಪ್ರಶ್ನಾವಳಿಯಲ್ಲಿ ದುಃಖದ ಬಗ್ಗೆ ಒಂದು ಪ್ರಶ್ನೆ ಇರುತ್ತದೆ. ಅವಸರದ ಅನುವಾದಕರು ಅಲ್ಲಿ ‘ಬೇಜಾರು’ ಎಂದು ಹಾಕಿಬಿಡುತ್ತಾರೆ. ಮೈಸೂರು, ಬೆಂಗಳೂರಿನ ಕಡೆ ಬಸ್ಸು ತಡವಾದರೂ ಬೇಜಾರು, ಪಾಠ ನೀರಸವಾದರೂ ಬೇಜಾರು, ತಮ್ಮನೇ ಮದುವೆಗೆ ಕರೆಯದಿದ್ದರೂ ಬೇಜಾರು, ಗಂಡ ತೀರಿಕೊಂಡ ಮೇಲಿನ ಸಂಕಟವೂ ಬೇಜಾರೇ. ‘ಕಳೆದ ಎರಡು ವಾರದಲ್ಲಿ ಬೇಜಾರಾಗಿತ್ತೇ?’ ಎಂದರೆ ಹೌದು ಎನ್ನದವರು ಯಾರು? ಧಾರವಾಡದ ಕಡೆಯ ಅಜ್ಜಿಯ ‘ಬ್ಯಾಸರ’ಕ್ಕೆ ಮತ್ತೊಂದು ಬಣ್ಣ. ಇನ್ನು ‘ಖಿನ್ನತೆ’ ಎಂದು ಬರೆದರೆ ಅದು ಪತ್ರಿಕೆಯ ಮಾತು, ಅಡುಗೆಮನೆಯಲ್ಲಿ ಯಾರೂ ಆಡುವುದಿಲ್ಲ. ನಮ್ಮ ಹಳ್ಳಿಯ ಹೆಣ್ಣುಮಕ್ಕಳು ದುಃಖವನ್ನು ಎಷ್ಟೋ ಸಲ ಮೈಯ ಮಾತಿನಲ್ಲಿ ಹೇಳುತ್ತಾರೆ: ಎದೆ ಭಾರ, ತಲೆಯೆಲ್ಲ ಉರಿ, ಕೈಕಾಲಲ್ಲಿ ಶಕ್ತಿ ಇಲ್ಲ. ಅದಕ್ಕೇ ಒಬ್ಬರು ಕನ್ನಡಕ್ಕೆ ತಂದದ್ದನ್ನು ಮೂಲ ನೋಡದ ಮತ್ತೊಬ್ಬರು ಇಂಗ್ಲಿಷಿಗೆ ವಾಪಸ್ ತರಬೇಕು. ಎರಡನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಆಮೇಲೆ ಜನರ ಮುಂದೆ ಓದಿ, “ನಿಮಗೆ ಇದರಿಂದ ಏನು ತಿಳಿಯಿತು?” ಎಂದು ಕೇಳಬೇಕು. ಕೊನೆಗೆ ನಾರ್ಮ್ಸ್ ಹೊಸದಾಗಿಯೇ ಕಟ್ಟಬೇಕು.

ಪದಗಳಷ್ಟೇ ಅಲ್ಲ, ಅಂಕಿಗಳೂ ಭಾಷೆಗೆ ಕಟ್ಟುಬಿದ್ದಿವೆ. ಅಂಕಿಗಳನ್ನು ಕೇಳಿಸಿ ಅದೇ ಕ್ರಮದಲ್ಲಿ ಹೇಳಿಸುವ ನೆನಪಿನ ಪರೀಕ್ಷೆ ಬಹಳ ಕಡೆ ಇದೆ. ಇಂಗ್ಲಿಷಿನಲ್ಲಿ ಒಂದರಿಂದ ಒಂಬತ್ತರವರೆಗೆ ಸೆವೆನ್ ಒಂದನ್ನು ಬಿಟ್ಟರೆ ಎಲ್ಲವೂ ಒಂದೇ ಉಸಿರಿನ ಚಿಕ್ಕ ಪದಗಳು. ಕನ್ನಡದಲ್ಲಿ ಒಂದು, ಮೂರು, ಐದು ಎಲ್ಲವೂ ಕನಿಷ್ಠ ಎರಡಕ್ಷರ. ಎರಡು, ಒಂಬತ್ತು ಮೂರಕ್ಷರ. ಹೇಳಲು ಹೆಚ್ಚು ಹೊತ್ತು ಹಿಡಿಯುವ ಅಂಕಿಗಳು ನೆನಪಿನಲ್ಲಿ ಕಡಿಮೆ ನಿಲ್ಲುತ್ತವೆ ಎಂಬುದು ವೆಲ್ಷ್ ಮತ್ತು ಇಂಗ್ಲಿಷ್ ಎರಡೂ ಬಲ್ಲವರ ಮೇಲೆ 1980ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಂಡುಬಂತು. ಹಾಗಿದ್ದ ಮೇಲೆ ಇಂಗ್ಲಿಷ್ ಮಕ್ಕಳ ನಾರ್ಮ್ಸ್ ಹಿಡಿದು ಕನ್ನಡದ ಮಗುವಿಗೆ ನೆನಪು ಕಡಿಮೆ ಎಂದು ಬರೆಯುವುದು ಅನ್ಯಾಯ. ಒಂದು ನಿಮಿಷದಲ್ಲಿ ಒಂದು ಅಕ್ಷರದಿಂದ ಶುರುವಾಗುವ ಪದಗಳನ್ನು ಹೇಳಿಸುವ ಪರೀಕ್ಷೆಗೆ ಇಂಗ್ಲಿಷಿನಲ್ಲಿ ಎಫ್, ಎ, ಎಸ್ ಬಳಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ರೂಪಿಸಿದ ಪರೀಕ್ಷಾಮಾಲೆಯಲ್ಲಿ ಅದಕ್ಕೆ ಬದಲಾಗಿ ಕ, ಪ, ಮ ಇವೆ. ಹೊಂದಿಸುವುದು ಅಂದರೆ ಹೀಗೆ.

ಪರೀಕ್ಷೆ ಮಾಡುವವರಿಂದ ಅಷ್ಟು ವ್ಯತ್ಯಾಸ ಆಗುತ್ತದೆಯೇ? ಪ್ರಶ್ನೆ ಅದೇ ತಾನೆ?

ಏಳು ವರ್ಷದ ಒಬ್ಬ ಹುಡುಗ ನನ್ನ ಮುಂದೆ ಕೂತಿದ್ದ. ಮೇಜಿನ ಮೇಲೆ ಕೆಂಪು-ಬಿಳಿ ಮರದ ತುಂಡುಗಳು, ಪಕ್ಕದಲ್ಲಿ ನೋಡಿ ಜೋಡಿಸಬೇಕಾದ ಚಿತ್ರ. “ಶುರು ಮಾಡು ಮರಿ” ಎಂದೆ. ಅವನು ಕೈ ತೊಡೆಯ ಮೇಲೇ ಇಟ್ಟುಕೊಂಡು ನೋಡುತ್ತಲೇ ಇದ್ದ. ಸ್ಟಾಪ್‌ವಾಚ್ ಓಡುತ್ತಿತ್ತು. ಬಹಳ ಹೊತ್ತಾದ ಮೇಲೆ “ಮುಟ್ಬಹುದಾ ಮಿಸ್?” ಎಂದ. ಬೇರೆಯವರ ಮನೆಯ ಸಾಮಾನು ಕೇಳದೆ ಮುಟ್ಟಬಾರದು ಎಂದು ಮನೆಯಲ್ಲಿ ಕಲಿಸಿದ್ದರು. ಮುಂದಿನ ಚಿತ್ರಗಳನ್ನು ಸರಿಯಾಗಿಯೇ ಜೋಡಿಸಿದ, ಆದರೆ ಪ್ರತಿ ಸಲ ಮುಗಿದ ಮೇಲೂ ಬೆರಳಿನಿಂದ ಅಂಚು ಒತ್ತಿ ಒತ್ತಿ ನೇರ ಮಾಡುತ್ತ ಕೂತ. ಸಮಯದ ಅಂಕಗಳು ಅಲ್ಲಿ ಹೋದವು.

ಅಂಕವನ್ನು ನಾನು ತಿದ್ದುವ ಹಾಗಿಲ್ಲ, ತಿದ್ದಲಿಲ್ಲ. ಎಲ್ಲರಿಗೂ ಒಂದೇ ನಿಯಮ ಎಂಬುದರ ಮೇಲೆಯೇ ಪರೀಕ್ಷೆ ನಿಂತಿದೆ. ಆದರೆ ಕಂಡದ್ದನ್ನು ರಿಪೋರ್ಟಿನಲ್ಲಿ ಬರೆದೆ: ಮೊದಲ ಅಂಕ ಅವನ ಸಾಮರ್ಥ್ಯಕ್ಕಿಂತ ಕಡಿಮೆ ಇರಬಹುದು, ತಪ್ಪಿಲ್ಲದೆ ಮಾಡುತ್ತಾನೆ, ಅವಸರಕ್ಕೆ ಒಗ್ಗಿಲ್ಲ. ಸೂಚನೆ ಓದಿ ಟಿಕ್ ಹಾಕುವ ಕೆಲಸವನ್ನು ಯಾರಾದರೂ ಮಾಡಬಹುದು. ತರಬೇತಿ ಬೇಕಿರುವುದು ಮೊದಲೇ ಮಗುವಿನ ಹೆದರಿಕೆ ಕಳೆಯಲು, ಆಮೇಲೆ ಕಂಡದ್ದನ್ನು ಅರ್ಥಮಾಡಿಕೊಳ್ಳಲು. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಹೇಳಿಕೊಳ್ಳುವವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು. ನೋಂದಣಿ ಸಂಖ್ಯೆ ಕೇಳಲು ಸಂಕೋಚ ಬೇಡ.

ಮೊಬೈಲಿನಲ್ಲಿ ಖಿನ್ನತೆಯ ಒಂಬತ್ತು ಪ್ರಶ್ನೆ ಉತ್ತರಿಸಿದೆ, 12 ಬಂತು. ನನಗೆ ಖಿನ್ನತೆ ಇದೆಯೇ?

ಅದು ಪಿಎಚ್‌ಕ್ಯೂ-9. ಒಟ್ಟು 27 ಅಂಕ, 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಗಮನಿಸಿ ಎನ್ನುತ್ತದೆ. 2001ರ ಮೂಲ ಅಧ್ಯಯನದಲ್ಲಿ ಈ ಗೆರೆಯು ಖಿನ್ನತೆಯ ಕಾಯಿಲೆ ಇದ್ದ ನೂರು ಜನರಲ್ಲಿ 88 ಜನರನ್ನು ಹಿಡಿಯಿತು, ಇಲ್ಲದ ನೂರರಲ್ಲಿ 88 ಜನರನ್ನು ಸರಿಯಾಗಿ ಬಿಟ್ಟಿತು. ಚೆನ್ನಾಗಿದೆ. ಈಗ ಒಂದು ಊರಿನ 1,000 ಜನರಿಗೆ ಇದನ್ನು ಕೊಡೋಣ, ಅವರಲ್ಲಿ 50 ಜನರಿಗೆ ನಿಜವಾಗಿ ಖಿನ್ನತೆ ಇದೆ ಎಂದುಕೊಳ್ಳೋಣ. ಸಿಕ್ಕುವವರು 44. ಉಳಿದ 950ರಲ್ಲಿ ನೂರಕ್ಕೆ 12ರಂತೆ 114 ಜನರಿಗೂ ಗೆರೆ ದಾಟುತ್ತದೆ. ಅಂದರೆ ಗೆರೆ ದಾಟಿದ 158 ಜನರಲ್ಲಿ ಖಿನ್ನತೆ ಇರುವವರು 44, ನೂರಕ್ಕೆ 28.

ಆದ್ದರಿಂದ 12 ಎಂಬುದು ರೋಗನಿರ್ಣಯವಲ್ಲ, ಬಾಗಿಲು ತಟ್ಟಿದ ಸದ್ದು. ಬಾಗಿಲು ತೆಗೆದು ಯಾರೆಂದು ನೋಡಲೇಬೇಕು. ಒಂಬತ್ತನೆಯ ಪ್ರಶ್ನೆ ಸಾವಿನ ಯೋಚನೆಯದ್ದು. ಅಲ್ಲಿ ‘ಇಲ್ಲವೇ ಇಲ್ಲ’ ಬಿಟ್ಟು ಬೇರೆ ಯಾವ ಉತ್ತರ ಕೊಟ್ಟಿದ್ದರೂ ಒಟ್ಟು ಅಂಕ ನೋಡುತ್ತ ಕೂರಬೇಡಿ, ಇವತ್ತೇ ಒಬ್ಬರ ಹತ್ತಿರ ಮಾತಾಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಕನ್ನಡದಲ್ಲೂ ಸಿಗುತ್ತದೆ, ಶುಲ್ಕವಿಲ್ಲ.

ಬೆರಳಚ್ಚು ನೋಡಿ ಮಗುವಿನ ಪ್ರತಿಭೆ ಹೇಳುತ್ತಾರಂತೆ, ಶಾಲೆಯಲ್ಲೇ ಕ್ಯಾಂಪ್ ಇತ್ತು. ಮಾಡಿಸಬಹುದೇ?

ಮಾಡಿಸಬೇಡಿ. ಬೆರಳಿನ ಗೆರೆಗಳಿಂದ ಮಗು ಎಂಜಿನಿಯರ್ ಆಗಬೇಕೋ ಸಂಗೀತ ಕಲಿಯಬೇಕೋ ಎಂದು ಹೇಳಲು ವೈಜ್ಞಾನಿಕ ಆಧಾರವಿಲ್ಲ. ಬೆರಳಚ್ಚು ಬದಲಾಗುವುದಿಲ್ಲ, ಎಷ್ಟು ಸಲ ತೆಗೆದರೂ ಅದೇ. ವಿಶ್ವಸನೀಯತೆ ಪೂರ್ತಿ ಇದ್ದೂ ಸಿಂಧುತ್ವ ಇಲ್ಲದ್ದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

“ಆದರೆ ನಮ್ಮ ಮಗಳ ಬಗ್ಗೆ ಬರೆದದ್ದೆಲ್ಲ ನಿಜವಾಗಿಯೇ ಇದೆ ಮೇಡಂ” ಎನ್ನುತ್ತಾರೆ. 1948ರಲ್ಲಿ ಅಮೆರಿಕದ ಬರ್ಟ್ರಂ ಫೋರರ್ ತಮ್ಮ 39 ವಿದ್ಯಾರ್ಥಿಗಳಿಗೆ ವ್ಯಕ್ತಿತ್ವ ಪರೀಕ್ಷೆ ಕೊಟ್ಟು, ಪ್ರತಿಯೊಬ್ಬರಿಗೂ ‘ನಿಮ್ಮ’ ಫಲಿತಾಂಶ ಎಂದು ಹಾಳೆ ಹಂಚಿದರು. ಎಷ್ಟು ಸರಿಯಾಗಿದೆ ಎಂದು ಐದಕ್ಕೆ ಅಂಕ ಕೊಡಿ ಎಂದರು. ಸರಾಸರಿ 4.26 ಬಂತು. ಎಲ್ಲರ ಹಾಳೆಯಲ್ಲೂ ಇದ್ದದ್ದು ಒಂದೇ ಬರಹ, ಬಹುಪಾಲು ಜ್ಯೋತಿಷ್ಯದ ಪುಸ್ತಕದಿಂದ ಎತ್ತಿದ್ದು. ‘ನಮಗೆ ಹೊಂದುತ್ತದೆ’ ಎಂದು ಅನ್ನಿಸುವುದು ಪರೀಕ್ಷೆಗೆ ಪುರಾವೆಯಾಗದು.

ಪೊಲೀಸರ ಸುಳ್ಳುಪತ್ತೆ ಯಂತ್ರವೂ ಮನೋವೈಜ್ಞಾನಿಕ ಪರೀಕ್ಷೆಯೇ?

ಅದು ನಾಡಿ, ಉಸಿರು, ಬೆವರು ಅಳೆಯುತ್ತದೆ. ಸುಳ್ಳನ್ನು ಅಳೆಯುವುದಿಲ್ಲ. ನಿರಪರಾಧಿಗೂ ಠಾಣೆಯಲ್ಲಿ ಬೆವರುತ್ತದೆ. ಸೆಲ್ವಿ ಮತ್ತು ಕರ್ನಾಟಕ ಸರ್ಕಾರದ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರ ಮೇ 5ರಂದು, ಒಪ್ಪಿಗೆಯಿಲ್ಲದೆ ಯಾರ ಮೇಲೂ ಇದನ್ನಾಗಲಿ ಮಂಪರು ಪರೀಕ್ಷೆಯನ್ನಾಗಲಿ ಮಾಡುವಂತಿಲ್ಲ ಎಂದಿತು.

ಪ್ರಶ್ನೆಗಳನ್ನು ಮೊದಲೇ ಅಭ್ಯಾಸ ಮಾಡಿಸಿದರೆ?

ದಯವಿಟ್ಟು ಬೇಡ. ನಾರ್ಮ್ಸಿನಲ್ಲಿರುವ ಮಕ್ಕಳು ಆ ಪ್ರಶ್ನೆಗಳನ್ನು ಮೊದಲ ಸಲ ಕಂಡವರು. ಅಭ್ಯಾಸ ಮಾಡಿಬಂದ ಮಗುವನ್ನು ಅವರ ಜೊತೆ ಹೋಲಿಸಿದರೆ ಬರುವ ಸಂಖ್ಯೆಗೆ ಅರ್ಥವೇ ಇರುವುದಿಲ್ಲ, ಸಿಗಬೇಕಾದ ನೆರವೂ ತಪ್ಪುತ್ತದೆ.

ಪರೀಕ್ಷೆಯ ದಿನ ಹೇಗೆ ಕರೆತರಬೇಕು?

ರಾತ್ರಿ ನಿದ್ದೆ ಆಗಿರಲಿ, ಬೆಳಿಗ್ಗೆ ತಿಂಡಿ ತಿಂದಿರಲಿ. ಜ್ವರ ಇದ್ದರೆ, ಹಿಂದಿನ ದಿನ ಫಿಟ್ಸ್ ಬಂದಿದ್ದರೆ ಫೋನ್ ಮಾಡಿ ದಿನ ಮುಂದೂಡಿ. ಮಾತ್ರೆಗಳ ಚೀಟಿ, ಹಳೆಯ ರಿಪೋರ್ಟು, ಈ ವರ್ಷದ ನೋಟ್‌ಬುಕ್ಕು ಜೊತೆಗಿರಲಿ. ಮನೆಯಲ್ಲಿ ಯಾವ ಭಾಷೆ ಆಡುತ್ತೀರಿ ಎಂದು ಮೊದಲೇ ಹೇಳಿ: ತುಳು, ಕೊಂಕಣಿ, ಲಂಬಾಣಿ, ಉರ್ದು ಯಾವುದಾದರೂ ಸರಿ, ಶಾಲೆಯ ಭಾಷೆಯ ಹಿಂದೆ ಅದನ್ನು ಮುಚ್ಚಿಡಬೇಡಿ. ಮಗುವಿಗೆ “ಅಲ್ಲಿ ಒಬ್ಬರು ಮಿಸ್ ಇರುತ್ತಾರೆ, ಆಟದ ಹಾಗೆ ಕೆಲವು ಕೆಲಸ ಕೊಡುತ್ತಾರೆ, ಕೆಲವು ಬರುತ್ತವೆ, ಕೆಲವು ಬರುವುದಿಲ್ಲ” ಎಂದರೆ ಸಾಕು. ಮತ್ತೆ, ಕನ್ನಡಕ ಇದ್ದರೆ ಮರೆಯದೆ ತನ್ನಿ.